ಮುಪ್ಪಿನಲ್ಲಿ ನಿದ್ದೆ, ಓಡಾಟ, ಮಲಮೂತ್ರ: ಶುಶ್ರೂಷೆಯ ಕ್ರಮ

ವಯಸ್ಸಾದವರಲ್ಲಿ ನಿದ್ದೆ ಕೆಡುವುದು, ಓಡಾಟ ಕುಗ್ಗುವುದು, ಮಲಮೂತ್ರದ ಕ್ರಮ ತಪ್ಪುವುದು ಒಂದಕ್ಕೊಂದು ಹೆಣೆದುಕೊಂಡ ತೊಂದರೆಗಳು. ಇವುಗಳ ಕಾರಣ ಹುಡುಕಿ, ಮನೆಯಲ್ಲೋ ಆಸ್ಪತ್ರೆಯಲ್ಲೋ ದಿನನಿತ್ಯದ ಆರೈಕೆಯಿಂದ ಹತೋಟಿಗೆ ತರುವುದು ವೃದ್ಧರ ಶುಶ್ರೂಷೆಯ ಮುಖ್ಯ ಭಾಗ. ಅಮೆರಿಕದ ಶುಶ್ರೂಷಾ ಶಿಕ್ಷಕಿ ವರ್ಜೀನಿಯಾ ಹೆಂಡರ್ಸನ್ 1966ರ ತಮ್ಮ ಪುಸ್ತಕದಲ್ಲಿ ಮನುಷ್ಯನ 14 ಮೂಲ ಅಗತ್ಯಗಳನ್ನು ಪಟ್ಟಿ ಮಾಡಿದಾಗ ಉಸಿರಾಟ ಮತ್ತು ಅನ್ನನೀರಿನ ಬೆನ್ನಿಗೇ ವಿಸರ್ಜನೆ, ಚಲನೆ, ನಿದ್ದೆಗಳನ್ನು ಇಟ್ಟರು. ಬ್ರಿಟನ್ನಿನ ವೈದ್ಯ ಬರ್ನಾರ್ಡ್ ಐಸಾಕ್ಸ್ ಮುಪ್ಪಿನ ದೈತ್ಯರೆಂದು ಕರೆದದ್ದು ಚಲನೆ ನಿಲ್ಲುವುದು, ಆಯತಪ್ಪಿ ಬೀಳುವುದು, ಮಲಮೂತ್ರ ತಡೆಯಲಾಗದಿರುವುದು, ಬುದ್ಧಿ ಮಂಕಾಗುವುದು, ಈ ನಾಲ್ಕನ್ನು. ನಿದ್ದೆ ಅವರ ಪಟ್ಟಿಯಲ್ಲಿಲ್ಲ. ಆದರೆ ನಮ್ಮ ಹಳ್ಳಿಗಳಲ್ಲಿ ಹಿರಿಯರು ಹೇಳಿಕೊಳ್ಳುವ ದೂರು ಶುರುವಾಗುವುದೇ ಅಲ್ಲಿಂದ. ರಾತ್ರಿ ನಿದ್ದೆ ಬರಲ್ಲ ಎನ್ನುವುದನ್ನು ಯಾರೆದುರಿಗಾದರೂ ಹೇಳಬಹುದು, ಬಟ್ಟೆ ಒದ್ದೆಯಾಗುತ್ತದೆ ಎನ್ನುವುದನ್ನು ಮಗಳ ಹತ್ತಿರವೂ ಹೇಳಲಾಗದು.

ಪಠ್ಯಪುಸ್ತಕಗಳು ಈ ಮೂರನ್ನು ಮೂರು ಅಧ್ಯಾಯಗಳಲ್ಲಿ ಹೇಳುತ್ತವೆ. ಓದುವುದಕ್ಕೆ ಅದು ಅನುಕೂಲ, ಆದರೆ ರೋಗಿಯ ಮೈಯಲ್ಲಿ ಅಧ್ಯಾಯಗಳಿಲ್ಲ. ರಾತ್ರಿ ನಾಲ್ಕು ಸಲ ಮೂತ್ರಕ್ಕೆ ಏಳುವ ಅಜ್ಜಿಗೆ ನಿದ್ದೆ ಇಲ್ಲ. ನಿದ್ದೆಗೆಂದು ಮೆಡಿಕಲ್ ಸ್ಟೋರಿನಿಂದ ಮಾತ್ರೆ ಬರುತ್ತದೆ. ಮಾತ್ರೆಯ ಮಂಪರಿನಲ್ಲಿ ಎದ್ದು ಹಿತ್ತಲಿಗೆ ಹೊರಟವಳು ಬಚ್ಚಲ ಕಲ್ಲಿನ ಮೇಲೆ ಜಾರುತ್ತಾಳೆ. ಸೊಂಟದ ಮೂಳೆ ಮುರಿದು ಮಲಗಿದರೆ ವಾರದಲ್ಲಿ ಮಲ ಗಟ್ಟಿಯಾಗುತ್ತದೆ, ಗಟ್ಟಿಯಾದ ಮಲ ಮೂತ್ರಕೋಶದ ಬಾಯನ್ನು ಒತ್ತುತ್ತದೆ, ಮೂತ್ರ ಕಟ್ಟುತ್ತದೆ, ನಳಿಕೆ ಹಾಕುತ್ತಾರೆ, ಸೋಂಕಾಗುತ್ತದೆ, ಮಾತು ಅಡ್ಡಾದಿಡ್ಡಿಯಾಗುತ್ತದೆ. ಈ ಸರಪಳಿಯ ಯಾವ ಕೊಂಡಿ ಸುಲಭವಾಗಿ ಬಿಚ್ಚುತ್ತದೆ ಎಂದು ನೋಡುವುದೇ ಶುಶ್ರೂಷಕರ ಮೊದಲ ಕೆಲಸ. ಬಹುಪಾಲು ಮನೆಗಳಲ್ಲಿ ಆ ಕೊಂಡಿ ಔಷಧದ ಡಬ್ಬಿಯಲ್ಲಿರುವುದಿಲ್ಲ, ಹಾಸಿಗೆಯಿಂದ ಶೌಚಾಲಯದವರೆಗಿನ ದಾರಿಯಲ್ಲಿರುತ್ತದೆ.

ಹರಿಯಬ್ಬೆಯ ಸೀಮೆ

ಇಂಥ ಮನೆಗಳಿರುವ ಹಳ್ಳಿಗಳಿಗೆ ಹರಿಯಬ್ಬೆ ಒಂದು ಉದಾಹರಣೆ. ಅದು ಚಿತ್ರದುರ್ಗ ಜಿಲ್ಲೆ ಹಿರಿಯೂರು ತಾಲ್ಲೂಕಿನ ಧರ್ಮಪುರ ಹೋಬಳಿಯ ಊರು. ಆಂಧ್ರದ ಗಡಿ ಇಲ್ಲಿಗೆ ದೂರವಲ್ಲ. 1907ರಲ್ಲಿ ಮುಗಿದ ವಾಣಿವಿಲಾಸ ಸಾಗರ ಇದೇ ತಾಲ್ಲೂಕಿನಲ್ಲಿದ್ದರೂ ಈ ಭಾಗ ಮಳೆ ಕಡಿಮೆಯ ಬಯಲುಸೀಮೆ. ಶೇಂಗಾ, ರಾಗಿಯ ಹೊಲ, ಬೋರ್‌ವೆಲ್ ನೀರು, ದುಡಿಯಲು ಬೆಂಗಳೂರಿಗೆ ಹೋದ ಮಕ್ಕಳು, ಮನೆ ಕಾಯುವ ಹಿರಿಯರು. ಹೊಸದುರ್ಗ, ಹೊಳಲ್ಕೆರೆಗಳ ತೆಂಗು ಅಡಿಕೆಯ ತೋಟದ ಊರುಗಳಲ್ಲೂ ಮನೆಯೊಳಗಿನ ಚಿತ್ರ ಹೆಚ್ಚುಕಡಿಮೆ ಇದೇ. 2011ರ ಜನಗಣತಿಯಲ್ಲಿ 60 ದಾಟಿದವರು ದೇಶದಲ್ಲಿ ಶೇ 8.6, ಕರ್ನಾಟಕದಲ್ಲಿ ಸುಮಾರು ಶೇ 9.5 ಇದ್ದರು. ಆಮೇಲೆ ಈ ಪ್ರಮಾಣ ಏರಿದೆ.

ಈ ಸೀಮೆಯಲ್ಲಿ ಮೂಳೆ, ಕೀಲುಗಳ ವಿಚಾರ ಬಂದಾಗ ನೀರಿನ ಮಾತು ಎತ್ತದೆ ವಿಧಿಯಿಲ್ಲ. ಚಿತ್ರದುರ್ಗ ಅಂತರ್ಜಲದಲ್ಲಿ ಫ್ಲೋರೈಡ್ ಕಾಣುವ ಜಿಲ್ಲೆಗಳಲ್ಲೊಂದು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರಿಲ್ಲದ ಕಡೆ 1.5 ಮಿಲಿಗ್ರಾಂವರೆಗೆ ಸಹಿಸಬಹುದು ಎನ್ನುವುದು ಭಾರತೀಯ ಮಾನಕ. ಅದನ್ನು ಮೀರಿದ ನೀರನ್ನು ದಶಕಗಟ್ಟಲೆ ಕುಡಿದವರಲ್ಲಿ ಫ್ಲೋರೈಡ್ ಮೂಳೆಯಲ್ಲಿ ಸೇರುತ್ತ ಹೋಗಿ ಬೆನ್ನು, ಕುತ್ತಿಗೆ, ಸೊಂಟ ಬಿಗಿಯುತ್ತವೆ. ಭಾರತದಲ್ಲಿ ಈ ರೋಗ ಮೊದಲು ವರದಿಯಾದದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಿಂದ. ತಡೆಗೆ ರಾಷ್ಟ್ರೀಯ ಕಾರ್ಯಕ್ರಮ ಬಂದದ್ದು 2008-09ರಲ್ಲಿ. ಶುದ್ಧ ನೀರಿನ ಘಟಕದಿಂದ ಕ್ಯಾನ್ ತರುವ ರೂಢಿ ಈಗ ಬಂದಿದೆ, ಆದರೆ ಇವತ್ತಿನ ಎಪ್ಪತ್ತು ವರ್ಷದವರ ಮೂಳೆಯಲ್ಲಿರುವುದು ಹಿಂದೆ ಕುಡಿದ ನೀರು.

ಶುಶ್ರೂಷಕರಿಗೆ ಇದರಿಂದ ಎರಡು ಸೂಚನೆ ಸಿಗುತ್ತವೆ. ಬೆನ್ನು, ಮಂಡಿ ಬಿಗಿದವರು ಕುಕ್ಕರುಗಾಲಲ್ಲಿ ಕೂರಲಾರರು. ಅವರಿಗೆ ಶೌಚದ ತೊಂದರೆ ಹೊಟ್ಟೆಯಿಂದಲ್ಲ, ಕಾಲಿನಿಂದ ಬಂದದ್ದು. ಎರಡನೆಯದು ಗಂಭೀರ: ಮೂಳೆ ದಪ್ಪವಾಗಿ ಬೆನ್ನುಹುರಿಯ ಕೊಳವೆ ಕಿರಿದಾದರೆ ಕಾಲುಗಳ ಬಲ ಕುಂದುತ್ತದೆ, ಮೂತ್ರದ ಹತೋಟಿಯೂ ತಪ್ಪುತ್ತದೆ. ನಡಿಗೆ ಮತ್ತು ಮೂತ್ರ ಎರಡೂ ಒಟ್ಟಿಗೆ ಕೆಟ್ಟವೆಂದರೆ ವಯಸ್ಸಾಯಿತು ಎಂದು ಬಿಡದೆ ವೈದ್ಯರಿಗೆ ತೋರಿಸಬೇಕು.

ನಿದ್ದೆ

ವಯಸ್ಸಾದಂತೆ ಗಾಢನಿದ್ದೆಯ ಪಾಲು ಇಳಿಯುತ್ತದೆ, ಸಣ್ಣ ಸದ್ದಿಗೂ ಎಚ್ಚರವಾಗುತ್ತದೆ, ದೇಹದ ಗಡಿಯಾರ ಮುಂದಕ್ಕೆ ಸರಿದು ಬೇಗ ನಿದ್ದೆ ಬಂದು ಬೇಗ ಎಚ್ಚರವಾಗುತ್ತದೆ. 65 ದಾಟಿದವರಿಗೆ 7ರಿಂದ 8 ಗಂಟೆ ನಿದ್ದೆ ಸಾಕು. ರಾತ್ರಿ ಎಂಟಕ್ಕೆ ಮುದ್ದೆ ಉಂಡು ಮಲಗಿ ಮೂರಕ್ಕೆ ಎದ್ದು ಕೂರುವ ಅಜ್ಜ ಏಳು ಗಂಟೆ ಮಲಗಿರುತ್ತಾನೆ. ಅವನಿಗೆ ಕಾಯಿಲೆ ಇಲ್ಲ, ಅವನು ಎದ್ದಾಗ ಮನೆಯವರು ಇನ್ನೂ ಮಲಗಿರುತ್ತಾರೆ ಅಷ್ಟೆ. ಇಂಥವರಿಗೆ ನಿದ್ದೆ ಮಾತ್ರೆ ಕೊಡಿಸುವುದು ಮನೆಯವರ ನಿದ್ದೆಗಾಗಿ.

ನಿಜವಾಗಿ ನಿದ್ದೆಗೆಟ್ಟವರಲ್ಲಿ ಕಾರಣಗಳನ್ನು ಒಂದೊಂದಾಗಿ ಕೇಳಿ ತಿಳಿಯಬೇಕು. ಮಂಡಿನೋವು, ಕೆಮ್ಮು ದಮ್ಮು, ಎದೆಯುರಿ, ಕಾಲು ಸೆಳೆತ, ತುರಿಕೆ, ಪದೇಪದೇ ಮೂತ್ರ. ಜೋರಾಗಿ ಗೊರಕೆ ಹೊಡೆಯುತ್ತ ನಡುವೆ ಉಸಿರು ನಿಂತಂತಾದರೆ ನಿದ್ರಾ ಉಸಿರುಗಟ್ಟುವಿಕೆ ಇರಬಹುದು. ನಸುಕಿಗೆ ಎಚ್ಚರವಾಗಿ, ಊಟ ಬೇಡವಾಗಿ, ಯಾವುದರಲ್ಲೂ ಮನಸ್ಸಿಲ್ಲದಿದ್ದರೆ ಖಿನ್ನತೆಯನ್ನು ನೆನೆಯಬೇಕು. ಗಂಡನನ್ನೋ ಹೆಂಡತಿಯನ್ನೋ ಕಳೆದುಕೊಂಡ ಮೇಲಿನ ನಿದ್ದೆಗೇಡು ಬೇರೆ ಬಗೆಯದು. ಸಂಜೆಯ ಮೇಲೆ ಕುಡಿಯುವ ಚಹಾ, ಮಲಗುವ ಮುಂಚೆ ಹಾಕುವ ಹೊಗೆಸೊಪ್ಪು, ಕಡ್ಡಿಪುಡಿ, ಮಧ್ಯಾಹ್ನ ಜಗಲಿಯಲ್ಲಿ ಎರಡು ಮೂರು ಗಂಟೆ ಮಲಗುವುದು, ಇವನ್ನು ಕೇಳದೆ ಬಿಟ್ಟರೆ ಉಳಿದದ್ದೆಲ್ಲ ವ್ಯರ್ಥ.

ಆರೈಕೆಯಲ್ಲಿ ದೊಡ್ಡ ಪಾಲು ಹಗಲಿನದು. ಬೆಳಗಿನ ಬಿಸಿಲಿನಲ್ಲಿ ಅರ್ಧ ಗಂಟೆ ಕೂರಿಸುವುದು ಅಥವಾ ನಡೆಸುವುದು, ಹಗಲುನಿದ್ದೆಯನ್ನು ಊಟದ ಮೇಲಿನ ಅರ್ಧ ಗಂಟೆಗೆ ಇಳಿಸುವುದು, ಕೈಗೆ ಏನಾದರೂ ಕೆಲಸ ಕೊಡುವುದು. ಶೇಂಗಾ ಬಿಡಿಸುವ ಅಜ್ಜಿಗೆ ರಾತ್ರಿ ನಿದ್ದೆ ಚೆನ್ನಾಗಿ ಹತ್ತುತ್ತದೆ. ಮಲಗಿ ಇಪ್ಪತ್ತು ನಿಮಿಷವಾದರೂ ಕಣ್ಣು ಮುಚ್ಚದಿದ್ದರೆ ಹೊರಳಾಡುತ್ತ ಇರುವುದಕ್ಕಿಂತ ಎದ್ದು ಕೂತು ಮತ್ತೆ ತೂಕಡಿಕೆ ಬಂದಾಗ ಮಲಗುವುದು ಮೇಲು. ಆಸ್ಪತ್ರೆಯ ವಾರ್ಡಿನಲ್ಲಿ ಈ ಮಾತು ಶುಶ್ರೂಷಕರಿಗೇ ತಿರುಗುತ್ತದೆ. ರಾತ್ರಿ ಹತ್ತಕ್ಕೊಂದು ಇಂಜೆಕ್ಷನ್, ಒಂದಕ್ಕೆ ಬಿಪಿ, ನಾಲ್ಕಕ್ಕೆ ರಕ್ತ ತೆಗೆಯುವುದು, ಐದಕ್ಕೆ ನೆಲ ಒರೆಸುವುದು ಎಂದರೆ ಆರೋಗ್ಯವಂತನೂ ಮಲಗಲಾರ. ಕೆಲಸಗಳನ್ನು ಒಂದೇ ಸಲಕ್ಕೆ ಕೂಡಿಸಿ ಮಾಡಿ ನಡುವೆ ನಾಲ್ಕು ಗಂಟೆ ದೀಪವಾರಿಸಿ ಬಿಡುವುದು ಔಷಧಕ್ಕೆ ಸಮ. ಫ್ಲಾರೆನ್ಸ್ ನೈಟಿಂಗೇಲ್ 1859ರಷ್ಟು ಹಿಂದೆಯೇ ತಮ್ಮ ಕೈಪಿಡಿಯಲ್ಲಿ ಸದ್ದಿಗಾಗಿ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದರು.

ಆಲ್‌ಪ್ರಜೋಲಂ ಬಗೆಯ ಮಾತ್ರೆಗಳು ವೃದ್ಧರಲ್ಲಿ ಬೀಳುವ ಅಪಾಯ ಮತ್ತು ಮರೆವನ್ನು ಹೆಚ್ಚಿಸುತ್ತವೆ. ಆಲ್‌ಪ್ರಜೋಲಂ ಎಚ್1 ಅನುಸೂಚಿಯ ಔಷಧ. ಚೀಟಿ ಇಲ್ಲದೆ ಮಾರುವಂತಿಲ್ಲ, ಮಾರಿದ್ದನ್ನು ಅಂಗಡಿಯವರು ಪ್ರತ್ಯೇಕ ಪುಸ್ತಕದಲ್ಲಿ ಬರೆದಿಡಬೇಕು. ಆದರೂ ಬಹಳ ಮನೆಗಳಲ್ಲಿ ದಿಂಬಿನ ಕೆಳಗೆ ಒಂದು ಪಟ್ಟಿ ಇರುತ್ತದೆ. ವರ್ಷಗಟ್ಟಲೆ ನುಂಗಿದವರಿಂದ ಅದನ್ನು ಕಸಿದು ಎಸೆಯಬಾರದು. ಒಮ್ಮೆಗೇ ನಿಲ್ಲಿಸಿದರೆ ನಡುಕ, ಗೊಂದಲ, ಕೆಲವೊಮ್ಮೆ ಫಿಟ್ಸ್ ಬರುತ್ತದೆ. ವೈದ್ಯರ ಮಾತಿನಂತೆ ವಾರಗಳ ಮೇಲೆ ಇಳಿಸುತ್ತ ಬರಬೇಕು. ನೆಗಡಿಗೆಂದು ಕೊಡುವ ಮಂಪರಿನ ಮಾತ್ರೆಗಳನ್ನು ನಿದ್ದೆಗೆ ಬಳಸುವುದು ಇನ್ನೂ ಕೆಟ್ಟದ್ದು. ಪ್ರಾಸ್ಟೇಟ್ ಊದಿದ ಗಂಡಸರಲ್ಲಿ ಒಂದೇ ರಾತ್ರಿಯಲ್ಲಿ ಮೂತ್ರ ಕಟ್ಟಿಸಿಬಿಡಬಹುದು.

ರಾತ್ರಿಯ ಮೂತ್ರ

ನಿದ್ದೆ, ನಡಿಗೆ, ವಿಸರ್ಜನೆ ಮೂರೂ ಕೂಡುವುದು ಇಲ್ಲೇ. ಒಂದು ಉಪಾಯ ಸರಳ, ಆದರೆ ಮಾಡುವವರು ಕಡಿಮೆ: ಎರಡು ದಿನ ಮೂತ್ರವನ್ನು ಅಳತೆ ಗೆರೆಯಿರುವ ಪ್ಲಾಸ್ಟಿಕ್ ಜಗ್ಗಿನಲ್ಲಿ ಹಿಡಿದು, ಗಂಟೆ ಮತ್ತು ಪ್ರಮಾಣವನ್ನು ಶಾಲೆಯ ನೋಟ್‌ಬುಕ್ಕಿನಲ್ಲಿ ಬರೆಯುವುದು. ಮೊಮ್ಮಕ್ಕಳು ಇದನ್ನು ಖುಷಿಯಿಂದ ಮಾಡುತ್ತಾರೆ. ದಿನದ ಒಟ್ಟು ಮೂತ್ರದಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ರಾತ್ರಿಯೇ ಬಂದರೆ ದೋಷ ಮೂತ್ರಕೋಶದ್ದಲ್ಲ, ನೀರು ರಾತ್ರಿ ತಯಾರಾಗುತ್ತಿದೆ. ಹಗಲೆಲ್ಲ ಕಾಲು ಇಳಿಬಿಟ್ಟು ಕೂತು ಪಾದ ಊದಿದವರಲ್ಲಿ ಆ ನೀರು ಮಲಗಿದ ಮೇಲೆ ರಕ್ತಕ್ಕೆ ಮರಳಿ ಮೂತ್ರವಾಗುತ್ತದೆ. ಇಂಥವರಿಗೆ ಮಧ್ಯಾಹ್ನ ಒಂದು ಗಂಟೆ ಕಾಲನ್ನು ದಿಂಬಿನ ಮೇಲೆ ಎತ್ತಿಡಿಸಬೇಕು. ನೀರು ಇಳಿಸುವ ಮಾತ್ರೆಯನ್ನು ಯಾವ ಹೊತ್ತಿಗೆ ಕೊಡಬೇಕೆಂದು ವೈದ್ಯರನ್ನು ಕೇಳಬೇಕು, ಸಂಜೆ ನುಂಗಿದ ಆ ಮಾತ್ರೆ ರಾತ್ರಿಯೆಲ್ಲ ಓಡಿಸುತ್ತದೆ. ಒಟ್ಟು ಪ್ರಮಾಣವೇ ಬಹಳವಿದ್ದರೆ ಸಕ್ಕರೆ ಪರೀಕ್ಷೆ. ಪ್ರತಿಸಲ ಸ್ವಲ್ಪ ಸ್ವಲ್ಪವೇ ಬಂದರೆ ಪ್ರಾಸ್ಟೇಟ್, ಸೋಂಕು ಅಥವಾ ಗಟ್ಟಿಯಾದ ಮಲ.

ಹೆಂಗಸರು ಇದಕ್ಕೆ ತಾವೇ ಕಂಡುಕೊಂಡ ಪರಿಹಾರ ನೀರು ಕುಡಿಯದಿರುವುದು. ಹೊಲದಲ್ಲಿ ಮರೆ ಸಿಗದೆ ಹರೆಯದಲ್ಲಿ ಕಲಿತ ಅಭ್ಯಾಸ ಮುಪ್ಪಿನವರೆಗೂ ಬರುತ್ತದೆ. ಹಿರಿಯೂರಿನ ಏಪ್ರಿಲ್ ಬಿಸಿಲಿನಲ್ಲಿ ಇದು ಅಪಾಯ. ಮೂತ್ರ ಗಾಢವಾಗಿ ಉರಿಯುತ್ತದೆ, ಮಲ ಕಲ್ಲಾಗುತ್ತದೆ, ಎದ್ದು ನಿಂತಾಗ ತಲೆ ಸುತ್ತುತ್ತದೆ. ಯುರೋಪಿನ ಪೋಷಣಾ ತಜ್ಞರ ಮಾರ್ಗಸೂಚಿ ವಯಸ್ಸಾದ ಹೆಂಗಸರಿಗೆ ದಿನಕ್ಕೆ 1.6 ಲೀಟರ್, ಗಂಡಸರಿಗೆ 2 ಲೀಟರ್ ಪಾನೀಯ ಬೇಕೆನ್ನುತ್ತದೆ. ನಮ್ಮ ಬೇಸಿಗೆಗೆ ಇನ್ನಷ್ಟು. ಹೃದಯ, ಕಿಡ್ನಿ ತೊಂದರೆಯವರಿಗೆ ಮಾತ್ರ ವೈದ್ಯರು ಹೇಳಿದ ಲೆಕ್ಕ. ಕುಡಿಯುವುದನ್ನು ಕಡಿಮೆ ಮಾಡದೆ ಹೊತ್ತನ್ನು ಬದಲಿಸಬೇಕು. ಬೆಳಗಿನಿಂದ ಸಂಜೆ ಆರರೊಳಗೆ ಮಜ್ಜಿಗೆ, ಗಂಜಿ, ನೀರು ಎಂದು ಮುಗಿಸಿದರೆ ರಾತ್ರಿ ಹಗುರ.

ನೆಲದಿಂದ ಏಳುವುದು, ಹಿತ್ತಲಿಗೆ ಹೋಗುವುದು

ಶುಶ್ರೂಷೆಯ ಪುಸ್ತಕಗಳೆಲ್ಲ ಮಂಚದಿಂದ ಏಳುವುದನ್ನು ಕಲಿಸುತ್ತವೆ. ನಮ್ಮ ಹಿರಿಯರು ಮಲಗುವುದು ಚಾಪೆಯ ಮೇಲೆ ಕಂಬಳಿ ಹಾಸಿ. ನೆಲದಿಂದ ಏಳುವುದು ಮಂಚದಿಂದ ಏಳುವುದಕ್ಕಿಂತ ಕಷ್ಟ, ಅದನ್ನು ಕಲಿಸಬೇಕು. ಅಂಗಾತ ಮಲಗಿದವರು ಮೊದಲು ಮಗ್ಗುಲಾಗಬೇಕು. ಮೇಲಿನ ಕೈಯನ್ನು ಎದೆಯ ಮುಂದೆ ನೆಲಕ್ಕೂರಿ, ಕೆಳಗಿನ ಮೊಣಕೈ ಮೇಲೆ ಮೈಯೆತ್ತಿ ಒರಗಿ ಕೂರಬೇಕು. ಅಲ್ಲೇ ಒಂದು ನಿಮಿಷ ತಡೆದು ಪಾದಗಳನ್ನು ಹತ್ತು ಸಲ ಮೇಲೆ ಕೆಳಗೆ ಆಡಿಸಬೇಕು. ಆಮೇಲೆ ಅಂಬೆಗಾಲಿಗೆ ಬಂದು, ಗೋಡೆಗೆ ಒತ್ತಿಟ್ಟ ಗಟ್ಟಿ ಸ್ಟೂಲನ್ನು ಎರಡೂ ಕೈಯಲ್ಲಿ ಹಿಡಿದು, ಬಲವಿರುವ ಕಾಲನ್ನು ಮುಂದಿಟ್ಟು ಎದ್ದು, ಸ್ಟೂಲಿನ ಮೇಲೆ ಕೂತು, ತಲೆ ಸುತ್ತು ಇಲ್ಲವೆಂದು ಖಾತ್ರಿಯಾದ ಮೇಲೆ ನಿಲ್ಲಬೇಕು. ಸಹಾಯಕ್ಕೆ ಬಂದವರು ತೋಳು ಹಿಡಿದು ಎಳೆಯಬಾರದು. ಭುಜ ಕಳಚುವುದು ಹೀಗೆಯೇ. ಸೊಂಟಕ್ಕೆ ಸುತ್ತಿದ ಟವೆಲನ್ನು ಹಿಡಿದು ಪಕ್ಕದಲ್ಲಿ ನಿಂತರೆ ಸಾಕು. ಇದನ್ನೂ ಮಾಡಲಾಗದವರಿಗೆ ಮಂಚ ಬೇಕು, ಕೂತಾಗ ಪಾದ ಪೂರ್ತಿ ನೆಲಕ್ಕೆ ತಾಗುವಷ್ಟು ಎತ್ತರದ್ದು, ಸುಮಾರು 17-18 ಅಂಗುಲ. ಮಂಚಕ್ಕೆ ಕಟ್ಟಿದ ಕಂಬಿ ಬೀಳುವುದನ್ನು ತಡೆಯುತ್ತದೆಂಬುದು ತಪ್ಪುನಂಬಿಕೆ. ಗೊಂದಲದಲ್ಲಿರುವವರು ಅದನ್ನು ಹತ್ತಿ ದಾಟಲು ಹೋಗಿ ಇನ್ನೂ ಎತ್ತರದಿಂದ ಬೀಳುತ್ತಾರೆ.

ತಲೆಸುತ್ತಿಗೆ ಒಂದು ಅಳತೆಯಿದೆ. ಐದು ನಿಮಿಷ ಮಲಗಿಸಿ ಬಿಪಿ ನೋಡಿ, ನಿಲ್ಲಿಸಿ ಮೂರು ನಿಮಿಷದೊಳಗೆ ಮತ್ತೆ ನೋಡಿದಾಗ ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದಿದ್ದರೆ ಬಿಪಿ ಮಾತ್ರೆ, ನಿರ್ಜಲತೆ ಇತ್ಯಾದಿ ಪರಿಶೀಲಿಸಬೇಕು. ನಡಿಗೆಗೂ ಒಂದು ಪರೀಕ್ಷೆ: ಕುರ್ಚಿಯಿಂದೆದ್ದು 3 ಮೀಟರ್ ನಡೆದು ತಿರುಗಿ ಬಂದು ಕೂರಲು 12 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಬೀಳುವ ಅಪಾಯವುಂಟು. ಎರಡಕ್ಕೂ ಉಪಕೇಂದ್ರದಲ್ಲಿರುವ ಬಿಪಿ ಯಂತ್ರ ಮತ್ತು ಮೊಬೈಲಿನ ಗಡಿಯಾರ ಸಾಕು.

ಇನ್ನು ಶೌಚಾಲಯ. 2014ರ ಅಕ್ಟೋಬರ್ 2ರಂದು ಆರಂಭವಾದ ಸ್ವಚ್ಛ ಭಾರತ ಅಭಿಯಾನದಲ್ಲಿ ಮನೆಗೆ 12,000 ರೂಪಾಯಿ ಪ್ರೋತ್ಸಾಹಧನ ಸಿಕ್ಕಿ ಹಳ್ಳಿಗಳಲ್ಲಿ ಲಕ್ಷಗಟ್ಟಲೆ ಶೌಚಾಲಯಗಳೆದ್ದವು. ದೊಡ್ಡ ಕೆಲಸ, ಸಂಶಯವಿಲ್ಲ. ಆದರೆ ಅವುಗಳ ಆಕಾರ ನೋಡಿ: ಮನೆಯಿಂದ ಹೊರಗೆ, ಹಿತ್ತಲಿನ ಮೂಲೆಯಲ್ಲಿ, ಮೊಣಕಾಲೆತ್ತರದ ಮೆಟ್ಟಿಲು, ಒಳಗೆ ಕುಕ್ಕರು ಕೂರುವ ಪ್ಯಾನ್, ಹಿಡಿದುಕೊಳ್ಳಲು ಏನೂ ಇಲ್ಲ, ಚಿಲಕ ಒಳಗಿನಿಂದ, ಮುಂದೆ ನೀರು ನಿಂತು ಪಾಚಿಗಟ್ಟಿದ ಕಲ್ಲುಚಪ್ಪಡಿ. ಆರೋಗ್ಯವಂತ ನಡುವಯಸ್ಸಿನವನನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದ್ದು ಅದು. ಮಂಡಿ ಹೋದ ಹಿರಿಯರು ಈಗಲೂ ಚೊಂಬು ಹಿಡಿದು ಬೇಲಿಯ ಕಡೆಗೆ ಹೋಗುವುದಕ್ಕೆ ಹಟವಷ್ಟೇ ಕಾರಣವಲ್ಲ; ಬಯಲಿನಲ್ಲಿ ಕನಿಷ್ಠ ಹಿಡಿಯಲು ಗಿಡವಿರುತ್ತದೆ.

ತಿದ್ದುವುದಕ್ಕೆ ದೊಡ್ಡ ಖರ್ಚಿಲ್ಲ. ಗೋಡೆಗೆ ಜಿಐ ಪೈಪಿನ ಹಿಡಿಕೆ, ಮೆಟ್ಟಿಲಿನ ಎತ್ತರ ಅರ್ಧ ಮಾಡಲು ಒಂದು ಕಲ್ಲು, ಪ್ಯಾನಿನ ಮೇಲೆ ಇಡಲು ನಡುವೆ ರಂಧ್ರ ಕೊರೆದ ಗಟ್ಟಿ ಮರದ ಕುರ್ಚಿ, ಹಾಸಿಗೆಯಿಂದ ಬಾಗಿಲವರೆಗೆ ರಾತ್ರಿಯಿಡೀ ಉರಿಯುವ ಸಣ್ಣ ಎಲ್‌ಇಡಿ ದೀಪ, ಚಿಲಕ ಹೊರಗಿನಿಂದಲೂ ತೆಗೆಯುವಂತೆ. ರಾತ್ರಿಗೆ ಗಂಡಸರಿಗೆ ಯೂರಿನ್ ಪಾಟ್, ಹೆಂಗಸರಿಗೆ ಹಾಸಿಗೆಯ ಪಕ್ಕದಲ್ಲಿ ಕಮೋಡ್ ಕುರ್ಚಿ. ಮನೆಯೊಳಗೆ ಎಂಥ ಅಸಹ್ಯ ಎಂದು ಮೊದಲು ಒಪ್ಪದವರೂ ಸೊಂಟ ಮುರಿದವರನ್ನು ಒಮ್ಮೆ ನೋಡಿದ ಮೇಲೆ ಒಪ್ಪುತ್ತಾರೆ.

ಬಲ ಕಾಯ್ದುಕೊಳ್ಳಲು ದಿನಕ್ಕೆ ಎರಡು ಮೂರು ಸಲ ಕುರ್ಚಿಯಿಂದ ಐದೈದು ಬಾರಿ ಎದ್ದು ಕೂರುವುದು, ಕಿಟಕಿ ಹಿಡಿದು ಹಿಮ್ಮಡಿ ಎತ್ತುವುದು, ಒಂದು ಪಾದದ ಮುಂದೊಂದು ಪಾದವಿಟ್ಟು ನಡೆಯುವುದು. ಇಂಥ ಸಮತೋಲನದ ವ್ಯಾಯಾಮಗಳು ಬೀಳುವುದನ್ನು ಸುಮಾರು ಕಾಲು ಪಾಲು ಕಡಿಮೆ ಮಾಡುತ್ತವೆಂದು 2019ರ ಕಾಕ್ರೇನ್ ಪರಿಶೀಲನೆ ಕಂಡುಕೊಂಡಿದೆ.

ಹಾಸಿಗೆ ಹಿಡಿದವರು

ಮಲಗಿಸುವುದೇ ಆರೈಕೆಯೆಂಬ ನಂಬಿಕೆ ಬಹಳ ಹಳೆಯದು, ಬಹಳ ಹಾನಿಕರ. 1935ರಲ್ಲಿ ಲಂಡನ್ನಿನ ವೆಸ್ಟ್ ಮಿಡ್ಲ್‌ಸೆಕ್ಸ್ ಆಸ್ಪತ್ರೆಗೆ ಸೇರಿಕೊಂಡ ಬಡವರ ಚಿಕಿತ್ಸಾಲಯದಲ್ಲಿ ವರ್ಷಗಟ್ಟಲೆ ಮಲಗಿಯೇ ಇದ್ದ ವೃದ್ಧರನ್ನು ವೈದ್ಯೆ ಮಾರ್ಜರಿ ವಾರನ್ ಪರೀಕ್ಷಿಸಿ, ಎಬ್ಬಿಸಿ, ನಡೆಸಿ ಅನೇಕರನ್ನು ಮನೆಗೆ ಕಳಿಸಿದರು. ವೃದ್ಧರ ವೈದ್ಯಶಾಸ್ತ್ರ ಹುಟ್ಟಿದ್ದೇ ಅಲ್ಲಿ ಎನ್ನಬಹುದು. ಹತ್ತು ದಿನ ಹಾಸಿಗೆಯಲ್ಲಿದ್ದ ಆರೋಗ್ಯವಂತ ಹಿರಿಯರ ಕಾಲುಗಳು ಸುಮಾರು ಒಂದು ಕಿಲೋ ಮಾಂಸ ಕಳೆದುಕೊಂಡದ್ದನ್ನು 2007ರ ಒಂದು ಅಧ್ಯಯನ ಅಳೆದು ತೋರಿಸಿದೆ. ಜ್ವರ ಬಿಟ್ಟ ಮರುದಿನವೇ ಕೂರಿಸಬೇಕು, ಊಟಕ್ಕಾದರೂ ಕುರ್ಚಿಗೆ ತರಬೇಕು.

ನಿಜವಾಗಿ ಏಳಲಾಗದವರಲ್ಲಿ ಹಾಸಿಗೆ ಹುಣ್ಣು ದೊಡ್ಡ ಶತ್ರು. ಬಾಲಮೂಳೆ, ಸೊಂಟದ ಎರಡು ಪಕ್ಕ, ಹಿಮ್ಮಡಿ, ಮೊಣಕೈ, ತಲೆಯ ಹಿಂಭಾಗ ಇವನ್ನು ದಿನಾ ಸ್ನಾನದ ಹೊತ್ತಿಗೆ ಬೆಳಕಿನಲ್ಲಿ ನೋಡಬೇಕು. ಒತ್ತಿದರೂ ಬಿಳಿಚದ ಕೆಂಪು ಮೊದಲ ಲಕ್ಷಣವೆಂದು ಪುಸ್ತಕ ಹೇಳುತ್ತದೆ. ಆ ಪುಸ್ತಕ ಬರೆದವರ ರೋಗಿಗಳು ಬಿಳಿಯರು. ನಮ್ಮ ಮೈಬಣ್ಣದಲ್ಲಿ ಕೆಂಪು ಕಾಣುವುದಿಲ್ಲ. ಸುತ್ತಲಿಗಿಂತ ಕಪ್ಪೇರಿದ, ಮುಟ್ಟಿದರೆ ಬಿಸಿ ಅಥವಾ ಗಟ್ಟಿ ಎನಿಸುವ, ರೋಗಿ ನೋವೆನ್ನುವ ಜಾಗವನ್ನು ಹುಣ್ಣಿನ ಆರಂಭವೆಂದೇ ತಿಳಿಯಬೇಕು. ಅಂಥ ಜಾಗಕ್ಕೆ ಎಣ್ಣೆ ಹಾಕಿ ತಿಕ್ಕುವುದು, ಸ್ಪಿರಿಟ್ ಹಚ್ಚಿ ಪೌಡರ್ ಉದುರಿಸುವುದು, ಗಾಳಿ ತುಂಬಿದ ಟ್ಯೂಬಿನ ಮೇಲೆ ಕೂರಿಸುವುದು ಮೂರೂ ಹಾನಿಯೇ. ಬೇಕಾದದ್ದು ಭಾರ ತೆಗೆಯುವುದು.

ಹಳೆಯ ಹತ್ತಿ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಭುಜದಿಂದ ತೊಡೆಯವರೆಗೆ ಮೈಕೆಳಗೆ ಹಾಸಿಟ್ಟರೆ ಇಬ್ಬರು ಆಚೀಚೆ ನಿಂತು ಅದನ್ನೇ ಎತ್ತಿ ಜರುಗಿಸಬಹುದು. ಎಳೆದಾಡಿದರೆ ಚರ್ಮ ಒಳಗೊಳಗೇ ಹರಿಯುತ್ತದೆ. ಪೂರ್ತಿ ಮಗ್ಗುಲು ಮಾಡದೆ ಬೆನ್ನಿಗೆ ದಿಂಬು ಕೊಟ್ಟು ಸುಮಾರು 30 ಡಿಗ್ರಿ ಓರೆಯಾಗಿಸಬೇಕು. ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿ ಗಾಳಿಯಲ್ಲಿ ತೇಲುವಂತಿರಬೇಕು. ಎರಡು ಗಂಟೆಗೊಮ್ಮೆ ಬದಲಿಸುವುದು ರೂಢಿ. ಆಗಾಗ ಹೊರಳಿಸುವುದು ಲೇಪನಗಳಿಗಿಂತ ಮೇಲೆಂದು ಡೊರೀನ್ ನಾರ್ಟನ್ 1962ರಲ್ಲೇ ತೋರಿಸಿದ್ದರು. ಹುಣ್ಣಾಗುವ ಅಪಾಯ ಅಳೆಯುವ ಅವರ ಅಳತೆಗೋಲು ಇಂದಿಗೂ ಬಳಕೆಯಲ್ಲಿದೆ. ಮನೆಯವರಿಗೆ ರಾತ್ರಿ ಎರಡೆರಡು ಗಂಟೆಗೆ ಏಳುವುದು ಆಗದ ಮಾತು. ಒಳ್ಳೆಯ ಹಾಸಿಗೆ ಅಥವಾ ಗಾಳಿಹಾಸಿಗೆ ಇದ್ದರೆ ರಾತ್ರಿ ಅಂತರವನ್ನು ಚರ್ಮ ನೋಡಿಕೊಂಡು ನಾಲ್ಕು ಗಂಟೆಗೆ ಏರಿಸಬಹುದು. ಆರೈಕೆ ಮಾಡುವವರು ಮಲಗದಿದ್ದರೆ ಆ ಮನೆಯಲ್ಲಿ ಬೇಗನೆ ಎರಡನೇ ರೋಗಿ ಸಿದ್ಧ.

ಮಲಬದ್ಧತೆ, ಬಟ್ಟೆ ಒದ್ದೆಯಾಗುವುದು

ವಾರಕ್ಕೆ ಮೂರು ಸಲಕ್ಕಿಂತ ಕಡಿಮೆ, ಅಥವಾ ದಿನಾ ಹೋದರೂ ಮುಕ್ಕಿ ಮುಕ್ಕಿ ಗಟ್ಟಿಯಾಗಿ ಹೋಗುವುದು ಮಲಬದ್ಧತೆ. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ, ಟ್ರಮಡಾಲ್‌ನಂಥ ನೋವಿನ ಮಾತ್ರೆಗಳ ಪಾತ್ರ ದೊಡ್ಡದು. ಹಲ್ಲು ಹೋದ ಮೇಲೆ ಸೊಪ್ಪು ಬಿಟ್ಟು ಅನ್ನ ಸಾರಿಗೆ ಇಳಿಯುವುದೂ ಕಾರಣ. ರಾಗಿ ಮುದ್ದೆ, ಬೆಂದ ಸೊಪ್ಪು, ಪಪ್ಪಾಯ ಈ ಸೀಮೆಯಲ್ಲಿ ಹುಡುಕಬೇಕಾದ್ದಿಲ್ಲ. ಹೊಟ್ಟೆಗೆ ಏನಾದರೂ ಬಿದ್ದ ಅರ್ಧ ಗಂಟೆಯಲ್ಲಿ ದೊಡ್ಡಕರುಳು ತಾನಾಗಿ ಚುರುಕಾಗುತ್ತದೆ. ಬೆಳಗಿನ ತಿಂಡಿಯಾದ ಮೇಲೆ ಹೋಗಲಿ ಬಿಡಲಿ, ದಿನವೂ ಅದೇ ಹೊತ್ತಿಗೆ ಕಮೋಡಿನ ಮೇಲೆ, ಪಾದದ ಕೆಳಗೆ ಸಣ್ಣ ಮಣೆ ಕೊಟ್ಟು ಮಂಡಿ ಸೊಂಟಕ್ಕಿಂತ ಮೇಲಿರುವಂತೆ ಹತ್ತು ನಿಮಿಷ ಕೂರಿಸಿದರೆ ಅರ್ಧ ತೊಂದರೆ ಹೋಗುತ್ತದೆ. ಇಸಬ್‌ಗೋಲ್ ಕೊಟ್ಟರೆ ತುಂಬಾ ನೀರು ಕುಡಿಸಲೇಬೇಕು. ಹಾಸಿಗೆ ಹಿಡಿದವರಿಗೆ, ಮಲ ಕಲ್ಲಾದವರಿಗೆ ಅದು ಸಲ್ಲ.

ಕೆಲವು ದಿನ ಹೋಗದಿದ್ದವರಿಗೆ ಇದ್ದಕ್ಕಿದ್ದಂತೆ ನೀರುನೀರಾಗಿ ಹೋಗತೊಡಗಿದರೆ ಭೇದಿಯೆಂದು ನಿಲ್ಲಿಸುವ ಮಾತ್ರೆ ಕೊಡುವುದು ಸಾಮಾನ್ಯ ತಪ್ಪು. ಒಳಗೆ ಕಲ್ಲಾಗಿ ಕೂತ ಮಲದ ಪಕ್ಕದಿಂದ ನೀರು ಸೋರುತ್ತಿರಬಹುದು. ಗುದಪರೀಕ್ಷೆ ಮಾಡಿದ ಶುಶ್ರೂಷಕರಿಗೆ ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ.

ಮೂತ್ರ ತಡೆಯಲಾಗದಿರುವುದು ಹಲವು ಬಗೆ. ಕೆಮ್ಮಿದಾಗ ಸೋರುವುದು, ಬಂತೆಂದರೆ ತಡೆಯಲಾಗದಿರುವುದು, ತುಂಬಿ ತುಳುಕಿ ಹನಿಯುವುದು, ಮತ್ತು ನಮ್ಮಲ್ಲಿ ಬಹಳವಾಗಿರುವ ನಾಲ್ಕನೆಯದು: ಮೂತ್ರಕೋಶ ಸರಿಯಿದ್ದೂ ಸಮಯಕ್ಕೆ ತಲುಪಲಾಗದಿರುವುದು. ಮೊದಲನೆಯದಕ್ಕೆ 1948ರಲ್ಲಿ ಅರ್ನಾಲ್ಡ್ ಕೆಗೆಲ್ ಹೇಳಿದ ತಳಸ್ನಾಯು ಬಿಗಿಹಿಡಿಯುವ ವ್ಯಾಯಾಮ ಎಪ್ಪತ್ತರಲ್ಲೂ ಫಲ ಕೊಡುತ್ತದೆ. ಎರಡನೆಯದಕ್ಕೆ ಹೋಗುವ ಅಂತರವನ್ನು ಕಾಲು ಗಂಟೆಯಷ್ಟು ಹಿಗ್ಗಿಸುತ್ತ ಹೋಗುವ ಅಭ್ಯಾಸ. ಮರೆವಿರುವವರನ್ನು ಎರಡು ಮೂರು ಗಂಟೆಗೊಮ್ಮೆ ಕರೆದೊಯ್ಯುವುದು. ಎಲ್ಲರೆದುರು ಗಟ್ಟಿಯಾಗಿ ಕೇಳದೆ, ಹತ್ತಿರ ಹೋಗಿ “ಬಾ ಅಜ್ಜಿ, ಒಂದು ಸುತ್ತು ಹಿತ್ತಲಿಗೆ ಹೋಗಿ ಬರಾಣ” ಎಂದರೆ ಮಾನವೂ ಉಳಿಯುತ್ತದೆ, ನಡಿಗೆಯೂ ಆಗುತ್ತದೆ.

ಡೈಪರ್ ಬಗ್ಗೆ ಖಂಡಿತವಾಗಿ ಹೇಳಬೇಕಾದ ಮಾತು: ಪ್ರಯಾಣಕ್ಕೆ, ಪ್ರಜ್ಞೆಯಿಲ್ಲದವರಿಗೆ, ಕೊನೆಯ ದಿನಗಳಿಗೆ ಅದು ವರ. ನಡೆಯಬಲ್ಲವರಿಗೆ ಮನೆಯವರ ಅನುಕೂಲಕ್ಕಾಗಿ ಕಟ್ಟಿದರೆ ಅವರು ಏಳುವುದನ್ನೇ ಬಿಡುತ್ತಾರೆ. ಮೂತ್ರದ ನಳಿಕೆಯದೂ ಇದೇ ಕಥೆ. ಬಟ್ಟೆ ಒದ್ದೆಯಾಗುತ್ತದೆ ಎಂಬುದಷ್ಟೇ ಅದಕ್ಕೆ ಕಾರಣವಾಗಬಾರದು. ಹಾಕಿದ ಮೇಲೆ ಚೀಲ ಸದಾ ಸೊಂಟಕ್ಕಿಂತ ಕೆಳಗೆ, ಆದರೆ ನೆಲಕ್ಕೆ ತಾಗದಂತೆ. ನಳಿಕೆಯನ್ನು ತೊಡೆಗೆ ಅಂಟಿಸಿ. ಪ್ರತಿದಿನ ಸೋಪುನೀರಿನಿಂದ ತೊಳೆಯಿರಿ. ಯಾವತ್ತು ತೆಗೆಯಬಹುದೆಂದು ಪ್ರತಿ ಭೇಟಿಯಲ್ಲೂ ಕೇಳಿ. ಒದ್ದೆಯಾದ ಚರ್ಮಕ್ಕೆ ತಿಕ್ಕದೆ ಒತ್ತಿ ಒರೆಸಿ, ಜಿಂಕ್ ಆಕ್ಸೈಡ್ ಅಥವಾ ವ್ಯಾಸಲಿನ್ ತೆಳ್ಳಗೆ ಹಚ್ಚಬೇಕು.

ಯಾರು ಮಾಡುವುದು

ಇಷ್ಟೂ ಕೆಲಸ ನಮ್ಮ ಮನೆಗಳಲ್ಲಿ ಸೊಸೆಯ ಪಾಲಿಗೆ ಬರುತ್ತದೆ. ಅತ್ತೆಯದಾದರೆ ಹೇಗೋ ನಡೆಯುತ್ತದೆ. ಮಾವನಿಗೆ ಬಟ್ಟೆ ಬದಲಿಸುವಾಗ ಇಬ್ಬರಿಗೂ ಸಂಕೋಚ, ಅದರಿಂದ ಹಿರಿಯರು ನೀರು ಕುಡಿಯುವುದನ್ನೇ ಬಿಡುತ್ತಾರೆ, ಬೆನ್ನಿನ ಹುಣ್ಣನ್ನು ತೋರಿಸುವುದಿಲ್ಲ. ಮನೆಭೇಟಿಯಲ್ಲಿ ಮಗನನ್ನು ಪಕ್ಕಕ್ಕೆ ನಿಲ್ಲಿಸಿ ಅವನ ಕೈಯಲ್ಲೇ ಮಾಡಿಸಿ ಕಲಿಸುವುದು ಶುಶ್ರೂಷಕರ ಕೆಲಸವೇ.

ವೃದ್ಧರ ಆರೋಗ್ಯದ ರಾಷ್ಟ್ರೀಯ ಕಾರ್ಯಕ್ರಮ 2010-11ರಲ್ಲಿ ಆರಂಭವಾಯಿತು. ಜಿಲ್ಲಾ ಆಸ್ಪತ್ರೆಯಲ್ಲಿ ಹಿರಿಯರ ಹೊರರೋಗಿ ವಿಭಾಗ ಮತ್ತು ಹತ್ತು ಹಾಸಿಗೆಯ ವಾರ್ಡು, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಾರಕ್ಕೊಮ್ಮೆ ಚಿಕಿತ್ಸಾಲಯ ಅದರ ಯೋಜನೆ. ಉಪಕೇಂದ್ರಗಳಲ್ಲಿ 2018ರ ಬಳಿಕ ಬಂದ ಸಮುದಾಯ ಆರೋಗ್ಯ ಅಧಿಕಾರಿಗಳಲ್ಲಿ ಬಹಳಷ್ಟು ಮಂದಿ ನರ್ಸಿಂಗ್ ಓದಿದವರು. ಹಿರಿಯರ ಆರೈಕೆ ಅವರ ಕರ್ತವ್ಯಪಟ್ಟಿಯಲ್ಲಿದೆ. ಆಶಾ ಕಾರ್ಯಕರ್ತೆಯರು ಮನೆಮನೆಯಲ್ಲಿ ತುಂಬುವ ನಮೂನೆಯಲ್ಲಿ 60 ದಾಟಿದವರಿಗೆ ನಿಂತಾಗ ನಡೆವಾಗ ಆಯ ತಪ್ಪುತ್ತದೆಯೇ, ಊಟ, ಬಟ್ಟೆ, ಸ್ನಾನ, ಶೌಚಕ್ಕೆ ಇನ್ನೊಬ್ಬರ ನೆರವು ಬೇಕೇ ಎಂಬ ಪ್ರಶ್ನೆಗಳಿವೆ. ಹೌದೆಂದು ಗುರುತು ಬಿದ್ದ ಮನೆಗೆ ಮತ್ತೆ ಯಾರಾದರೂ ಹೋದರೆ ಮಾತ್ರ ಆ ಗುರುತಿಗೆ ಬೆಲೆ. ಬಡತನ ರೇಖೆಗಿಂತ ಕೆಳಗಿರುವ ಹಿರಿಯರಿಗೆ ಊರುಗೋಲು, ವಾಕರ್, ಗಾಲಿಕುರ್ಚಿ ಉಚಿತವಾಗಿ ಕೊಡುವ ರಾಷ್ಟ್ರೀಯ ವಯೋಶ್ರೀ ಯೋಜನೆ 2017ರಿಂದ ಇದೆ. ಹಿರಿಯರ ಸಹಾಯವಾಣಿ 14567, ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ. ನಿದ್ದೆಗೇಡಿನ ಜೊತೆಗೆ ಮನಸ್ಸು ಕುಗ್ಗಿದವರಿಗೆ ಟೆಲಿ ಮಾನಸ್ 14416.

ಕೆಲವಕ್ಕೆ ಮಾತ್ರ ಮನೆಯ ಆರೈಕೆ ಸಾಲದು. ಎರಡು ದಿನದ ಹಿಂದೆ ಸರಿಯಿದ್ದವರು ಹಗಲುರಾತ್ರಿ ಅದಲುಬದಲಾಗಿ ಇಲ್ಲದವರೊಡನೆ ಮಾತಾಡತೊಡಗಿದರೆ ಗಾಳಿ ಸೋಕಿದೆ ಎಂದು ತಡ ಮಾಡಬೇಡಿ; ಸೋಂಕು, ಕಟ್ಟಿದ ಮೂತ್ರ, ಕಲ್ಲಾದ ಮಲ, ಹೊಸ ಮಾತ್ರೆ ಇವುಗಳಲ್ಲೊಂದು ಸಾಮಾನ್ಯವಾಗಿ ಕಾರಣವಾಗಿರುತ್ತದೆ. ಬಿದ್ದವರ ಒಂದು ಕಾಲು ಗಿಡ್ಡವಾಗಿ ಪಾದ ಹೊರಕ್ಕೆ ತಿರುಗಿದ್ದರೆ ಎತ್ತಿ ನಡೆಸಬೇಡಿ, ತಿಕ್ಕಬೇಡಿ, ಇದ್ದಂತೆಯೇ ಹಲಗೆಯ ಮೇಲೆ ಸಾಗಿಸಿ. ಆರೆಂಟು ಗಂಟೆ ಮೂತ್ರ ಬಾರದೆ ಕಿಬ್ಬೊಟ್ಟೆ ಉಬ್ಬಿದ್ದರೆ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಕರೆ ಮಾಡಿ, ಆ ರಾತ್ರಿಯೇ ಆಸ್ಪತ್ರೆಗೆ ಕರೆದೊಯ್ಯಿರಿ.